ಫೋಟೋ ಕ್ಲಾಸಿನ ನೀಲಾವತಿ ಬಾಯಿ

ವಾರದ ಆರು ದಿನ ದಾದರಿನ ಸ್ಟುಡಿಯೋ ಒಂದರ ಕತ್ತಲೆಕೋಣೆಯಲ್ಲಿ ಕಂಡವರ ಮದುವೆ, ಮುಂಜಿ, ನಾಮಕರಣಗಳ ಫಿಲ್ಮು ತೊಳೆದು, ಏಳನೆಯ ದಿನ ಮತ್ತೆ ಅದೇ ದಾದರಿಗೆ ಲೋಕಲ್ ಹಿಡಿಯುವುದೆಂದರೆ ನೀಲಾವತಿಯ ಮೈ ಒಲ್ಲೆ ಎನ್ನುತ್ತಿತ್ತು. ಆದರೂ ಹೋಗುತ್ತಿದ್ದಳು. ಬೈಕುಲ್ಲಾದ ಚಾಳಿನ ಕೋಣೆಗೆ ಬೀಗ ಹಾಕಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ನಡೆಯುತ್ತಿದ್ದಳು. ಡೆವಲಪರ್ ನೀರಿನಲ್ಲಿ ಇಷ್ಟು ವರ್ಷ ಅದ್ದಿದ ಬೆರಳುಗಳು. ಉಗುರೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು, ಬೆರಳ ಸಂದಿಗಳಲ್ಲಿ ಚರ್ಮ ಬಿರಿದು ಉರಿಯುತ್ತಿತ್ತು. ಡಾಕ್ಟರು ಆ ನೀರು ಮುಟ್ಟಲೇಬೇಡಿ ಎಂದಿದ್ದರು. ಅವಳು ಹೂಂ ಎಂದು ಮಾತ್ರೆಯ ಪೊಟ್ಟಣ ತೆಗೆದುಕೊಂಡು ಸೀದಾ ಕೆಲಸಕ್ಕೆ ಹೋಗಿದ್ದಳು.

ಈ ಭಾನುವಾರದ ಕ್ಲಾಸು ಅವಳು ಕೇಳಿ ಪಡೆದದ್ದಲ್ಲ. ಆಫ್ರಿಕಾಕ್ಕೆ ಹೊರಟ ಸದಸ್ಯರೊಬ್ಬರು ದಾದರಿನ ಕನ್ನಡ ಸಂಘಕ್ಕೆ ತಮ್ಮ ಬಾಕ್ಸ್ ಕ್ಯಾಮರಾ ಬಿಟ್ಟುಹೋಗಿದ್ದರು. ಸಂಘದ ಕಾರ್ಯದರ್ಶಿ ಶೆಟ್ಟೆಪ್ಪನವರು ಬೆಳಗಾವಿ ಕಡೆಯವರು, ವಿಮಾ ಕಚೇರಿಯಲ್ಲಿ ನೌಕರಿ. ನಮ್ಮ ಹುಡುಗರು ರಜೆಯ ದಿನ ಗಲ್ಲಿ ಸುತ್ತುವುದು ಬಿಟ್ಟು ಒಂದು ವಿದ್ಯೆ ಕಲಿಯಲಿ ಎಂದು ಅವರಿಗೆ ಹುಮ್ಮಸ್ಸು. ಕಲಿಸುವವರನ್ನು ಹುಡುಕುತ್ತ ಸ್ಟುಡಿಯೋಗೆ ಬಂದರು. ಮಾಲಕರು ಒಳಕೋಣೆಯ ಕಡೆ ಬೆರಳು ತೋರಿಸಿದರು. ಕಪ್ಪು ಪರದೆ ಸರಿಸಿ ಹೊರಬಂದದ್ದು ಒಬ್ಬ ಹೆಂಗಸು ಎಂದು ಕಂಡಾಗ ಶೆಟ್ಟೆಪ್ಪನವರು ಸ್ವಲ್ಪ ಹೊತ್ತು ಟೋಪಿ ಸರಿಮಾಡಿಕೊಂಡರು.

“ನಿಮಗ ಆಗ್ತದೇನ್ರಿ ಬಾಯಿ? ಹದಿನಾಲ್ಕು ಹದಿನೈದರ ಹುಡುಗರು, ಹುಡುಗ್ಯಾರು. ಭಾಳ ಕಿಡಿಗೇಡಿ ಅದಾವು ಮತ್ತ.”

ಆಗುವುದಿಲ್ಲ ಎನ್ನಲು ಅವಳ ನಾಲಗೆ ಹೊರಳಲಿಲ್ಲ. “ನೋಡುವ” ಎಂದಳು. ಶೆಟ್ಟೆಪ್ಪನವರು ಅದನ್ನು ಒಪ್ಪಿಗೆ ಎಂದೇ ತಿಳಿದು ಮುಂದಿನ ಭಾನುವಾರಕ್ಕೇ ಬೋರ್ಡು ಬರೆಸಿಬಿಟ್ಟರು.

ಅವಳು ಈ ಕೆಲಸ ಕಲಿತದ್ದೂ ಹೆಚ್ಚುಕಡಿಮೆ ಹೀಗೆಯೇ, ಬೇಡ ಎನ್ನಲಾಗದೆ. ಕಾಪುವಿನ ಹತ್ತಿರದ ಊರಿನಿಂದ ಮದುವೆಯಾಗಿ ಮುಂಬಯಿಗೆ ಬಂದಾಗ ಗಂಡ ಚೆನ್ನಯನಿಗೆ ಬೈಕುಲ್ಲಾ ಮಾರ್ಕೆಟ್ಟಿನ ಬಗಲಲ್ಲಿ ಒಂದು ಕುರ್ಚಿ, ಒಂದು ಬಣ್ಣದ ಪರದೆ ಹಿಡಿಯುವಷ್ಟು ಸ್ಟುಡಿಯೋ ಇತ್ತು. ಗಿರಾಕಿಗಳನ್ನು ನಗಿಸುವುದು, ಗದ್ದ ಎತ್ತಿ ಕೂರಿಸುವುದು ಅವನಿಗೆ ಲೀಲೆ. ಆದರೆ ಫಿಲ್ಮು ತೊಳೆಯುವ ಹೈಪೋ ನೀರಿನ ವಾಸನೆ ಬಡಿದರೆ ಸಾಕು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಒಂದು ಸಂಜೆ, “ನೀನು ಸ್ವಲ್ಪ ಕೈ ಹಾಕು ಮಾರಾಯ್ತಿ” ಎಂದ. ಹಾಕಿದ ಕೈ ಮತ್ತೆ ತೆಗೆಯಲಿಲ್ಲ. ಮಕ್ಕಳಾಗಲಿಲ್ಲ. ಕಡೆಗೆ ಕೆಮ್ಮೇ ಚೆನ್ನಯನನ್ನು ಒಯ್ದಿತು, ಸ್ಟುಡಿಯೋದಲ್ಲಿ ಈಗ ಗಡಿಯಾರ ರಿಪೇರಿಯವನು ಕೂತಿದ್ದಾನೆ. ನೀಲಾವತಿಗೆ ಉಳಿದದ್ದು ಕತ್ತಲೆಯಲ್ಲಿ ಮಾಡುವ ಆ ಒಂದು ಕೆಲಸ.

ಸಂಘದ ಮೆಟ್ಟಿಲ ಕೆಳಗೆ ನಾಟಕದ ಪರದೆ, ಮರದ ಕತ್ತಿ, ಗದೆ ತುಂಬಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ ಅವಳಿಗೆ ಕೊಟ್ಟರು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದಳು. ಬಲ್ಬಿಗೆ ಕೆಂಪು ಗಾಜು ಸಿಕ್ಕಿಸಿದಳು. ಮೂರು ಪಿಂಗಾಣಿ ತಟ್ಟೆ, ಎರಡು ಬಾಲ್ದಿ ನೀರು, ಒಂದು ಮಡಕೆ. ಕ್ಲಾಸಿಗೆ ಎಂಟು ಮಂದಿ ಸೇರಿದರು. ಉಡುಪಿ ಹೋಟೆಲಿನ ಮ್ಯಾನೇಜರನ ಮಗ ಸೀನ, ಸದಾ ಬಾಯಿ ನಡೆಸುವ ವಾರಿಜಾ, ನಾಯಗಾಂವಿನ ಚಾಳಿನಿಂದ ಬರುವ ವಿಜಾಪುರದ ಕಡೆಯ ಚಂದ್ರವ್ವ, ಮತ್ತೆ ಬೇರೆಯವರು. ಕರಾವಳಿಯ ಮಕ್ಕಳು ಅವಳನ್ನು ನೀಲಕ್ಕ ಎಂದರು; ಉಳಿದವರು ಶಾಲೆಯ ರೂಢಿಯಂತೆ ಬಾಯಿ ಎಂದರು.

ಕಲಿಸುವುದು ಅವಳಿಗೆ ಬರುತ್ತಿರಲಿಲ್ಲ. ತಾನು ಮಾಡುವುದನ್ನು ಬಾಯಿಬಿಟ್ಟು ಹೇಳಿ ಗೊತ್ತೇ ಇರಲಿಲ್ಲ. ತಟ್ಟೆಯ ಮುಂದೆ ನಿಂತು, “ಹೀಗೆ... ಹೀಗೆ ಮಾಡುದು” ಎನ್ನುತ್ತಿದ್ದಳು. ಫಿಲ್ಮಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಒಂದು ಕೈ ಮೇಲೆ ಹೋದಾಗ ಒಂದು ಕೈ ಕೆಳಗೆ, ಡೆವಲಪರಿನಲ್ಲಿ ಮುಳುಗಿಸಿ ಮುಳುಗಿಸಿ ಎಳೆಯುವುದು. ಹುಡುಗರು ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಯಾರೋ ಕಿಸಕ್ಕನೆ ನಗುವರು, ಯಾರೋ ಬಾಗಿಲು ತೆರೆದು ಕಾಗದವೆಲ್ಲ ಹಾಳಾಗುವುದು.

“ನೀಲಕ್ಕ, ಇದ್ಯಾಕೆ ಕೆಂಪು ಲೈಟು? ಹಸಿರು ಹಾಕಿದರೆ ಚಲೇಗಾ ನೈ ಕ್ಯಾ?” ವಾರಿಜಾ ಕೇಳಿದಳು.

“ಈ ಫಿಲ್ಮಿಗೆ ಕೆಂಪು ಕಾಣುದಿಲ್ಲ. ಕುರುಡು. ಅದಕ್ಕೇ ಕೆಂಪು ದೀಪ ಇಟ್ಟುಕೊಂಡು ತೊಳೀಲಿಕ್ಕೆ ಆಗುದು” ಎಂದಳು ನೀಲಾವತಿ. ಅಷ್ಟು ಹೇಳಿ ಮುಗಿಸುವುದರೊಳಗೆ ದಣಿದು ಕೂರಬೇಕು ಅನ್ನಿಸಿತ್ತು.

ಹೊರದೇಶದಿಂದ ಬರುವ ಮಾಲು ಕಡಿಮೆಯಾಗಿ ಫಿಲ್ಮು ಸಿಗುವುದೇ ಕಷ್ಟವಾಗಿದ್ದ ಕಾಲ. ಒಂದು ರೋಲಿಗೆ ಎಂಟು ಫೋಟೋ. ಆದ್ದರಿಂದ ಕ್ಯಾಮರಾವನ್ನು ಸರದಿಯಲ್ಲಿ ಮನೆಗೆ ಒಯ್ದು ಒಬ್ಬೊಬ್ಬರು ಒಂದೊಂದೇ ಫೋಟೋ ತೆಗೆಯಬೇಕೆಂದು ಮಾತಾಯಿತು. ಐವತ್ತಾರನೆಯ ಇಸವಿಯ ಜನವರಿ ಅದು. ಚಂದ್ರವ್ವ ಬೇಗನೇ ತನ್ನದು ಮುಗಿಸಿ ಕ್ಯಾಮರಾ ತಂದುಕೊಟ್ಟಳು. ಐವರದು ಮುಗಿದ ಮೇಲೆ ಅದು ಸೀನನ ಕೈಗೆ ಹೋಯಿತು. ಅಷ್ಟರಲ್ಲಿ ಊರಿನಲ್ಲಿ ಗಲಾಟೆ ಎದ್ದಿತು. ಮುಂಬಯಿ ಯಾವ ರಾಜ್ಯಕ್ಕೆ ಎಂಬ ಜಗಳ ಬೀದಿಗೆ ಬಂದು, ಗೋಲಿಬಾರು, ಕರ್ಫ್ಯೂ. ಸಂಘದ ಬಾಗಿಲು ಮುಚ್ಚಿತು. ಕ್ಯಾಮರಾ ಸೀನನ ಅಪ್ಪನ ಹೋಟೆಲಿನಲ್ಲಿ, ತುಪ್ಪದ ಡಬ್ಬಗಳ ಹಿಂದೆ ಕೂತಿತು. ನೀಲಾವತಿ ಆ ದಿನಗಳಲ್ಲಿ ಕೋಣೆಯಲ್ಲೇ ಮಲಗಿದ್ದಳು. ದೂರದಲ್ಲಿ ಓಡುವವರ ಸದ್ದು, ಕೂಗು ಕೇಳುತ್ತಿದ್ದರೂ ಅವಳಿಗೆ ನಿದ್ದೆ ಬರುತ್ತಿತ್ತು. ಎಷ್ಟು ವರ್ಷದ ನಿದ್ದೆಯೋ.

ಊರು ತಣ್ಣಗಾಗಿ ಸಂಘ ತೆರೆದ ಭಾನುವಾರ ಚಂದ್ರವ್ವ ಬರಲಿಲ್ಲ. ಅದರ ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಎಣ್ಣೆಯಿಲ್ಲ. ಕೈಬಳೆಗಳಿರಲಿಲ್ಲ.

“ಬಾಯಿ, ಆ ರೋಲ್ ತೊಳದ್ರೇನ್ರಿ?”

“ಇಲ್ಲವಲ್ಲ. ಇನ್ನೂ ಮುಗಿಯಲಿಲ್ಲ. ಯಾಕೆ, ಎಂತಾಯ್ತು ನಿನಗೆ?”

“ಅವ್ವ ಹೋದಳ್ರಿ.” ಹುಡುಗಿ ಗೋಡೆ ನೋಡುತ್ತ ಹೇಳಿದಳು. “ಜ್ವರ ಬಂದಿತ್ರಿ. ಕರ್ಫ್ಯೂದಾಗ ದವಾಖಾನಿಗಿ ಒಯ್ಯೂದು ತಡಾ ಆತು. ನಾ ತಗದದ್ದು ಅವ್ವಂದ ಫೋಟೋ ರೀ. ಅದರಾಗ ಐತಿ. ಬ್ಯಾರೆ ಫೋಟೋ ಇಲ್ರಿ ನಮ್ಮ ಮನ್ಯಾಗ, ಒಂದೂ ಇಲ್ಲ.”

ನೀಲಾವತಿ ಸ್ಟೂಲಿನ ಮೇಲೆ ಕೂತಳು. ಚೆನ್ನಯ ಸತ್ತಾಗ ಬಂದವರೆಲ್ಲ ಏನೇನೋ ಹೇಳಿದ್ದರು. ಒಂದೂ ನೆನಪಿಗೆ ಬರಲಿಲ್ಲ. “ಬಾ, ಕೂತುಕೋ” ಎಂದು ಸ್ಟೂಲಿನ ಅರ್ಧ ಬಿಟ್ಟುಕೊಟ್ಟಳು.

ಸೀನ ಕ್ಯಾಮರಾ ತಂದ. “ನೀಲಕ್ಕ, ನಮ್ಮದು ಮೂರು ಬಾಕಿ ಉಂಟು” ಎಂದವನು ಚಂದ್ರವ್ವನನ್ನು ನೋಡಿ ಏನಾಯಿತೆಂದು ಕೇಳಿದ. ವಿಷಯ ತಿಳಿದ ಮೇಲೆ, “ಹಾಗೇ ಬಿಚ್ಚಿ ತೊಳೀರಿ, ನಮ್ಮದು ಬೇಡ” ಎಂದ.

“ಫಿಲ್ಮು ದಂಡ ಮಾಡಬಾರದು. ಹೋಗಿ, ಅಂಗಳದಲ್ಲಿ ಎಂತದಾದರೂ ತೆಗೆದು ಬನ್ನಿ” ಎಂದು ನೀಲಾವತಿ ಕಳಿಸಿದಳು. ಸೀನನೂ ಫೋಟೋ ಬಾಕಿಯಿದ್ದ ಇನ್ನಿಬ್ಬರೂ ಅಂಗಳಕ್ಕೆ ಹೋಗಿ ಏನು ತೆಗೆಯುವುದೆಂದು ತಿಳಿಯದೆ, ನಗಲೂ ಬಾರದೆ, ಸಂಘದ ಗೇಟನ್ನು, ಬಿಸಿಲಿಗೆ ಹಾಕಿದ ಚಾಪೆಯನ್ನು, ಮಲಗಿದ್ದ ಒಂದು ನಾಯಿಯನ್ನು ತೆಗೆದು ಬಂದರು.

ಕ್ಯಾಮರಾದಿಂದ ರೋಲು ಹೊರಬಂದಾಗ ಚಂದ್ರವ್ವ ಕೈಚಾಚಿದಳು. “ಬಾಯಿ, ನಾನ ತೊಳೀತೇನ್ರಿ.”

ನೀಲಾವತಿ ಆ ಕೈ ನೋಡಿದಳು. ಹುಡುಗಿ ಹಿಂದೆ ಎರಡು ಸಲ ತೊಳೆದಿದ್ದಳು. ಒಂದು ಸಲ ಫಿಲ್ಮು ಕೈಜಾರಿ ತಟ್ಟೆಯ ಅಂಚಿಗೆ ಉಜ್ಜಿ ಉದ್ದಕ್ಕೂ ಗೀರು ಬಿದ್ದಿತ್ತು. ಇದು ಕಲಿಯುವ ರೋಲಲ್ಲ. ಕೊಡು ಇಲ್ಲಿ, ನಾನು ಮಾಡುತ್ತೇನೆ ಎನ್ನಬೇಕು. ಹಾಗೆಂದು ಬಾಯಿಯವರೆಗೂ ಬಂತು. ಹುಡುಗಿಯ ಮುಖ ನೋಡಿ ತಡೆದಳು. ಹೆರಳು ಹಾಕಲು ಯಾರೂ ಇಲ್ಲದೆ ಹೇಗೋ ಕಟ್ಟಿಕೊಂಡು ಬಂದ ಕೂದಲು, ಒಂದೇ ಸಮನೆ ಚಾಚಿದ ಕೈ.

“ಸರಿ. ನಾನು ಹಿಂದೆ ನಿಂತಿರ್ತೇನೆ” ಎಂದಳು. ಉಳಿದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.

ಕೆಂಪು ಬೆಳಕಿನಲ್ಲಿ ಹುಡುಗಿ ಫಿಲ್ಮಿನ ಬೆನ್ನ ಕಾಗದ ಬಿಡಿಸಿದಳು. ಎರಡು ತುದಿ ಹಿಡಿದು ಮೊದಲು ನೀರಿನಲ್ಲಿ, ಆಮೇಲೆ ಡೆವಲಪರಿನಲ್ಲಿ. ನೀಲಾವತಿ ಹಿಂದಿನಿಂದ ಅವಳ ಎರಡೂ ಮೊಣಕೈ ಹಿಡಿದುಕೊಂಡಳು. ಮೇಲೆ, ಕೆಳಗೆ. ಮೊದಲು ನೀಲಾವತಿಯೇ ಆ ಕೈಗಳನ್ನು ಎತ್ತಿ ಇಳಿಸುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವು ತಾವೇ ಓಡತೊಡಗಿದವು. ಫಿಲ್ಮಿನ ಮೇಲೆ ಮಬ್ಬು ಮಬ್ಬಾಗಿ ಚೌಕಗಳು ಎದ್ದವು.

“ಅವ್ವ ನೀರು ತುಂಬಾಕ ಕೂತಿದ್ದಳ್ರಿ” ಚಂದ್ರವ್ವ ತಟ್ಟೆ ನೋಡುತ್ತಲೇ ಹೇಳಿದಳು. “ಗ್ಯಾಲರ್‍ಯಾಗ. ಅಳ್ಳಾಡಬ್ಯಾಡ ಅಂದ್ರ, ಲಗೂ ಮುಗಸ, ನಳಾ ಹೋಗ್ತದ ಅಂತ ಸಿಟ್ಟಿಗೆದ್ದಳು.”

“ಮಾತಾಡು. ಕೈ ಮಾತ್ರ ನಿಲ್ಲಿಸಬೇಡ.”

ಮೂರನೆಯ ಚೌಕದಲ್ಲಿ ಒಂದು ಆಕಾರ ಬಂತು. ಕುಕ್ಕರಗಾಲಲ್ಲಿ ಕೂತ ಹೆಂಗಸು, ಬಗಲಲ್ಲಿ ಕೊಡ. ಎಲ್ಲ ಉಲ್ಟಾ: ಬಿಸಿಲು ಕಪ್ಪು, ನೆರಳು ಬಿಳಿ.

“ಅವ್ವಗ ಕೂದಲಾ ಬೆಳ್ಳಗಾಗ್ಯಾವ್ರಿ” ಎಂದಳು ಹುಡುಗಿ. ನೆಗೆಟಿವ್ ಎಂದರೆ ಹಾಗೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು. ಆಮೇಲೆ ಅಳು ಬಂತು. ಕೈ ಮಾತ್ರ ನಿಲ್ಲಿಸಲಿಲ್ಲ. ಹೈಪೋಗೆ ಹಾಕುವವರೆಗೂ ಅಳುತ್ತಲೇ ಎಳೆದಳು. ನೀಲಾವತಿ ಮೊಣಕೈ ಬಿಡಲಿಲ್ಲ. ಹುಡುಗಿಯ ಕೈಯಿಂದ ಡೆವಲಪರು ಹನಿಹನಿಯಾಗಿ ನೀಲಾವತಿಯ ಬೆರಳ ಬಿರುಕುಗಳಿಗೆ ಇಳಿದು ಬೆಂಕಿಯಂತೆ ಉರಿಯುತ್ತಿತ್ತು.

ಫಿಲ್ಮು ಚೆನ್ನಾಗಿಯೇ ಬಂದಿತ್ತು. ಒಂದು ಗೀರೂ ಇರಲಿಲ್ಲ. ಒಣಗಿದ ಮೇಲೆ ಹುಡುಗಿಯೇ ಅದನ್ನು ಕಾಗದಕ್ಕೆ ಒತ್ತಿ ಬೆಳಕು ತೋರಿಸಿ ಅಂಗೈಯಗಲದ ಒಂದು ಪ್ರಿಂಟು ಮಾಡಿದಳು. ಅವಳ ಅವ್ವ ರಾಚವ್ವ ಅದರಲ್ಲಿ ಕಣ್ಣು ಕಿರಿದು ಮಾಡಿ, ತುಟಿ ಬಿಗಿದು, ಮಗಳ ಮೇಲೆ ಸಿಟ್ಟಾಗಿ ಕೂತಿದ್ದಳು. ಹುಡುಗಿ ಅದನ್ನು ಓಢಣಿಯ ತುದಿಯಲ್ಲಿ ಸುತ್ತಿಕೊಂಡು ಓಡಿದಳು.

ಮುಂದಿನ ಭಾನುವಾರ ಅದೇ ಪ್ರಿಂಟು ಹಿಡಿದು ಬಂದವರು ಅವಳ ಅಪ್ಪ ಬಸವಂತಪ್ಪ. ಗಿರಣಿಯ ಕಚೇರಿಯಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಹಿಂದೆ ಚಂದ್ರವ್ವ ತಲೆ ತಗ್ಗಿಸಿ ನಿಂತಿದ್ದಳು.

“ನಮಸ್ಕಾರ್‍ರಿ ಬಾಯಿ. ನಿಮ್ಮ ಉಪಕಾರ ಭಾಳ ಆತು. ಖರೇ ಹೇಳಬೇಕಂದ್ರ, ಇದನ್ನ ಮನ್ಯಾಗ ಇಡಾಕ ಮನಸ್ಸು ಒಪ್ಪವಲ್ದು.” ಅವರು ಪ್ರಿಂಟನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿದರು. “ಕುಂಕುಮ ನೋಡ್ರಿ. ಕರ್‍ರಗ ಬಂದದ. ಮುತ್ತೈದಿಯಾಗಿ ಹೋದಾಕಿ ಆಕಿ. ಹಣಿ ಮ್ಯಾಲೆ ಕರೀ ಬೊಟ್ಟು ಇಟ್ಟು ಗ್ವಾಡಿಗಿ ಹ್ಯಾಂಗ ಹಾಕೂದ್ರಿ? ಕೆಂಪ ಸೀರಿ ಸೈತ ಕರೀದಾಗೈತಿ. ಹುಡುಗಿ ಏನರ ತಪ್ಪು ಮಾಡ್ಯಾಳೇನು?”

“ಹುಡುಗಿದು ತಪ್ಪಿಲ್ಲ. ಈ ಫಿಲ್ಮಿಗೆ ಕೆಂಪು ಕಾಣುದಿಲ್ಲ. ಕೆಂಪಿದ್ದದ್ದೆಲ್ಲ ಕಪ್ಪಾಗಿ ಬರ್ತದೆ” ಎಂದಳು ನೀಲಾವತಿ.

ಬಸವಂತಪ್ಪ ತಲೆಯೆತ್ತಿ ಅವಳ ಬರಿಯ ಹಣೆಯನ್ನು ಒಂದು ಗಳಿಗೆ ನೋಡಿದರು. ನೋಡಿದ್ದಕ್ಕೆ ಅವರಿಗೇ ಮುಜುಗರವಾಗಿ ಬಾಗಿಲತ್ತ ಮುಖ ಮಾಡಿದರು. “ಏನರ ಮಾಡಾಕ ಬರ್ತದೇನ್ರಿ?”

ಬರುತ್ತಿತ್ತು. ಇಪ್ಪತ್ತು ವರ್ಷದಿಂದ ಅವಳು ಮಾಡುತ್ತಿದ್ದುದೇ ಅದು. ನೆಗೆಟಿವಿನ ಮೇಲೆ ಸಣ್ಣ ಮೊನೆಯ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಅಳಿಸುವುದು, ವರ ನೋಡಲು ಕಳಿಸುವ ಫೋಟೋಗಳಲ್ಲಿ ಕಪ್ಪು ಹುಡುಗಿಯರನ್ನು ಬೆಳ್ಳಗೆ ಮಾಡುವುದು. ಆ ಹುಡುಗಿಯರು ಆಮೇಲೆ ಹೇಗೆ ಬಾಳಿದರೋ ಎಂದು ಒಮ್ಮೊಮ್ಮೆ ಯೋಚನೆ ಬರುತ್ತಿತ್ತು.

“ಮಾಡಿಕೊಡ್ತೇನೆ” ಎಂದಳು.

ಸ್ಟುಡಿಯೋದಲ್ಲಿ ಊಟದ ಬಿಡುವಿನಲ್ಲಿ ಮಾಲಕರನ್ನು ಕೇಳಿ ಅದನ್ನು ಕೂತು ಮಾಡಿದಳು. ನೆಗೆಟಿವಿನಲ್ಲಿ ಕುಂಕುಮದ ಜಾಗ ಸಾಸಿವೆಯಷ್ಟು. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಬೊಟ್ಟು ಮಾಸಲು ಬಿಳಿಯಾಗಿ ಬರುತ್ತದೆ, ಅದರ ಮೇಲೆ ಕೆಂಪು ಹಚ್ಚಬಹುದು. ದೊಡ್ಡದು ಮಾಡಿ ಪ್ರಿಂಟು ತೆಗೆದು, ಕುಂಚವನ್ನು ತುಟಿಯಲ್ಲಿ ಒದ್ದೆ ಮಾಡಿ ಮೊನೆ ಮಾಡಿಕೊಂಡು ಬಣ್ಣ ಇಟ್ಟಳು. ತನ್ನ ಹಣೆಗೆ ಇಟ್ಟುಕೊಳ್ಳುವುದು ನಿಂತ ಮೇಲೆ ಕೆಂಪು ಬೊಟ್ಟು ಇಡುವ ಅಂದಾಜೇ ಕೈಗೆ ತಪ್ಪಿತ್ತು, ಮೊದಲನೆಯದು ದೊಡ್ಡದಾಯಿತು. ಒರೆಸಿ ಮತ್ತೆ ಇಟ್ಟಳು. ಸೀರೆಯನ್ನು ಕಪ್ಪಾಗಿಯೇ ಬಿಟ್ಟಳು. ತುಟಿಯನ್ನು ಸ್ವಲ್ಪ ಸಡಿಲಿಸಿ ಸಿಟ್ಟು ತೆಗೆಯಬಹುದಿತ್ತು. ಪೆನ್ಸಿಲ್ ಅಲ್ಲಿಯವರೆಗೆ ಹೋಯಿತು. ಮುಟ್ಟಲಿಲ್ಲ.

ಬಸವಂತಪ್ಪ ಫೋಟೋ ಕಣ್ಣಿಗೊತ್ತಿಕೊಂಡು ಒಯ್ದರು. ಚಂದ್ರವ್ವ ಆಮೇಲೆ ಕ್ಲಾಸಿಗೆ ಬರಲಿಲ್ಲ. ಒಂದು ವಾರ, ಎರಡು ವಾರ. “ಚಂದ್ರಿ ಶಾಲೆ ಭೀ ಬಿಟ್ಟಳಂತೆ” ಎಂದು ವಾರಿಜಾ ಸುದ್ದಿ ತಂದಳು.

ಹೀಗಾಗುತ್ತದೆಂದು ನೀಲಾವತಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಒಂದು ಸಂಜೆ ಕೆಲಸ ಮುಗಿಸಿ, ಕಾಲು ಎಳೆದುಕೊಂಡು ನಾಯಗಾಂವಿನ ಚಾಳಿನ ಮೂರು ಮಹಡಿ ಹತ್ತಿದಳು. ಹುಡುಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರು ತಮ್ಮಂದಿರು ಊಟಕ್ಕೆ ಜಗಳ ತೆಗೆದಿದ್ದರು. ಗೋಡೆಯ ಮೇಲೆ ರಾಚವ್ವ ಚೆಂಡುಹೂವಿನ ಮಾಲೆ ಹಾಕಿಕೊಂಡು ಎಲ್ಲರ ಮೇಲೂ ಸಿಟ್ಟಾಗಿ ಕೂತಿದ್ದಳು. ಹಣೆಯ ಬೊಟ್ಟೊಂದೇ ಕೆಂಪು.

“ಭಾನುವಾರ ಒಂದೆರಡು ತಾಸು ಕಳಿಸಿ. ಅವಳ ಕೈ ಚೆನ್ನಾಗಿ ಓಡ್ತದೆ” ಎಂದಳು.

ಬಸವಂತಪ್ಪನವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಮಾತಾಡುವುದು ಸುಲಭವಿತ್ತು. “ನೀವು ಹೇಳೂದು ಖರೇ ರೀ. ಆದ್ರ ಮನ್ಯಾಗ ಯಾರು ಮಾಡಬೇಕ್ರಿ? ನಾ ಗಿರಣಿಗಿ ಹೋಗಬೇಕು. ಹುಡುಗೂರು ಸಣ್ಣವು. ಊರಿಂದ ನಮ್ಮವ್ವ ಬರಾಕ ಒಲ್ಲೆ ಅಂತಾಳ. ನೀವ ಹೇಳ್ರಿ.”

ನೀಲಾವತಿ ಹುಡುಗಿ ಕೊಟ್ಟ ಚಹಾ ಕುಡಿದಳು. ಸಕ್ಕರೆ ಹೆಚ್ಚಾಗಿತ್ತು. ಎದ್ದು ಹೊರಟಾಗ ಚಂದ್ರವ್ವ ಹಿಟ್ಟಿನ ಕೈಯಲ್ಲೇ ಮೆಟ್ಟಿಲವರೆಗೂ ಬಂದಳು.

“ಬಾಯಿ, ಮಾಡದ ಬಿಟ್ರ ಮರತ ಹೋಗ್ತದೇನ್ರಿ, ತೊಳಿಯೂದು?”

“ಇಲ್ಲ. ಕೈ ಮರೆಯುದಿಲ್ಲ” ಎಂದಳು ನೀಲಾವತಿ. ಅದು ನಿಜವೋ ಅಲ್ಲವೋ ಅವಳಿಗೆ ಗೊತ್ತಿರಲಿಲ್ಲ. ತಾನು ಒಂದು ದಿನವೂ ಬಿಟ್ಟಿರಲಿಲ್ಲವಲ್ಲ. ಹುಡುಗಿ ತಲೆಯಾಡಿಸಿದಳು. ಒಳಗೆ ರೊಟ್ಟಿ ಸೀಯುವ ವಾಸನೆ ಬಂತು, ಓಡಿಹೋದಳು.

ಕ್ಲಾಸು ಆ ಮಳೆಗಾಲದವರೆಗೆ ನಡೆಯಿತು. ಸೀನ ಪರೀಕ್ಷೆಗೆಂದು ಬಿಟ್ಟ, ಇನ್ನಿಬ್ಬರು ಬಿಟ್ಟರು. ಕಡೆಗೆ ಫಿಲ್ಮು ಸಿಗುವುದೇ ನಿಂತಿತು. ನಾಟಕದ ಸಾಮಾನು ಮಳೆಯಲ್ಲಿ ನೆನೆಯುತ್ತಿದೆ, ಕೋಣೆ ಬೇಕು ಎಂದು ಶೆಟ್ಟೆಪ್ಪನವರು ಬಹಳ ಸಂಕೋಚದಿಂದ ಹೇಳಿದರು. “ಮುಂದಿನ ವರ್ಷ ಮತ್ತ ಶುರು ಮಾಡೂಣ್ರಿ ಬಾಯಿ” ಎಂದರು. ಅವಳು ಹೂಂ ಎಂದಳು. ವಾರಿಜಾ ಒಬ್ಬಳೇ ಉಳಿದು ತಟ್ಟೆ ತೊಳೆದು, ಕಿಟಕಿಯ ಕಪ್ಪು ಕಾಗದ ಕಿತ್ತು ತೆಗೆದಳು. ಆ ಕೋಣೆಗೆ ಒಳ್ಳೆಯ ಬೆಳಕು ಬರುತ್ತದೆಂದು ಇಬ್ಬರಿಗೂ ಆಗ ತಿಳಿಯಿತು.

ಅಂದು ಹಿಂದಿರುಗುವಾಗ ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತು. ಹೊರಗೆ ಮಳೆ ಹಿಡಿದಿತ್ತು, ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಕೂತಲ್ಲೇ ನಿದ್ದೆ ಹತ್ತಿತು. ಬೈಕುಲ್ಲಾ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಯಾರೋ ಹೆಂಗಸು ಭುಜ ಅಲುಗಿಸಿ, “ಉಠಾ ಬಾಯಿ, ಗಾಡಿ ಖಾಲಿ ಝಾಲಿ” ಎಂದಾಗ ಕೊನೆಯ ಸ್ಟೇಷನ್ ವೀಟಿ ಬಂದು ಎಲ್ಲರೂ ಇಳಿದಾಗಿತ್ತು. ನೀಲಾವತಿ ಇಳಿಯಲಿಲ್ಲ. ಇದೇ ಗಾಡಿ ಬೈಕುಲ್ಲಾ ಕಡೆಗೆ ಹಿಂದಕ್ಕೆ ಹೋಗುತ್ತದಲ್ಲ ಎಂದು ಹಾಗೇ ಕೂತಳು. ಸೀರೆಯ ನೆರಿಗೆ ಸರಿಮಾಡಿಕೊಂಡು, ಈ ಸಲ ಕಣ್ಣು ಮುಚ್ಚಬಾರದೆಂದು ಎದುರಿನ ಬೆಂಚಿನಲ್ಲಿ ಬಂದು ಕೂರುವವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು.